ಎಂಟನೆಯ ಎಣಿಕೆ

ಅವಳನ್ನು ಎಲ್ಲರೂ ಗುನುಗಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಹಿಂದಕ್ಕೆ ತಿರುಗಿ, ಯಾರಪ್ಪಾ ಅದು ಎಂದು ನೋಡುತ್ತಿದ್ದಳು. ತುಟಿ ಮುಚ್ಚಿದ್ದರೂ ಗಂಟಲೊಳಗೆ ಏನೋ ಒಂದು ನಡೆದೇ ಇರುತ್ತಿತ್ತು, ಮುಚ್ಚಳ ಹಾಕಿದ ಪಾತ್ರೆಯಲ್ಲಿ ನೀರು ಕಾಯುವ ಹಾಗೆ. “ನಿಮ್ಮ ಹೆಂಡತಿಗೆ ಕೋಪ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?” ಎಂದು ಯಾರೋ ಕೇಳಿದ್ದಕ್ಕೆ ಅವಳ ಗಂಡ, “ಗುನುಗು ನಿಂತ್ರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಡ್ತೀನಿ” ಎಂದಿದ್ದ.

ಅವಳು ದುಡಿದದ್ದು ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಮೂವತ್ತೊಂದು ವರ್ಷ. ಮೇಲೆ ಜನ ಹುಟ್ಟುತ್ತಿದ್ದರು, ಸಾಯುತ್ತಿದ್ದರು, ಹುಷಾರಾಗಿ ಮನೆಗೆ ಹೋಗುತ್ತಿದ್ದರು. ಕೆಳಗೆ ಅದೆಲ್ಲ ಬರೀ ಬೆಡ್‌ಶೀಟುಗಳಾಗಿ ಇಳಿದು ಬರುತ್ತಿತ್ತು. ಮೊದಲ ಕೋಣೆಯಲ್ಲಿ ಒಗೆತ. ಎರಡನೆಯದರಲ್ಲಿ ನೀರು ಹಿಂಡುವ ಯಂತ್ರದ ಅಬ್ಬರ, ಒಣಗಿಸುವ ಬಿಸಿಗಾಳಿ. ಮೂರನೆಯದು ಮಡಿಸುವ ಕೋಣೆ. ಅಲ್ಲಿ ಚಾವಣಿಗೆ ತಾಗಿಕೊಂಡು ಉದ್ದಕ್ಕೆ ಒಂದು ಗಾಜಿನ ಕಿಟಕಿ ಇತ್ತು. ಅದರಲ್ಲಿ ಬೀದಿಯವರ ಪಾದಗಳು ಮಾತ್ರ ಕಾಣುತ್ತಿದ್ದವು. ಬೆಳಗಿನ ಬಿಸಿಲು ಆ ಪಾದಗಳ ನಡುವೆ ನುಸುಳಿ ಬಂದು, ಆವಿಯಲ್ಲಿ ಕರಗಿ, ಹಾಲು ಚೆಲ್ಲಿದ ಹಾಗೆ ಕೋಣೆಯನ್ನೆಲ್ಲ ತುಂಬುತ್ತಿತ್ತು. ಆ ಬೆಳಕಿನಲ್ಲಿ ಇಬ್ಬರು ಹೆಂಗಸರು ಬಿಳಿ ಬಟ್ಟೆಯ ಎರಡು ತುದಿ ಹಿಡಿದು ಹತ್ತಿರ ಬರುವುದನ್ನೂ ದೂರ ಸರಿಯುವುದನ್ನೂ ನೋಡಿದರೆ ಅದು ಕೆಲಸ ಅನ್ನಿಸುತ್ತಿರಲಿಲ್ಲ. ನಿದ್ದೆಯಲ್ಲಿ ನಡೆಯುವವರು ಯಾವುದೋ ಹಳೆಯ ಆಟ ಆಡುತ್ತಿದ್ದಾರೆ ಅನ್ನಿಸುತ್ತಿತ್ತು.

ಇನ್ನೊಂದು ತುದಿ ಹಿಡಿದವಳು ಏಣಿ. ಎತ್ತರಕ್ಕೆ ಬಂದ ಹೆಸರು. ಅವಳು ಕೈಯೆತ್ತಿ ಹಿಡಿದರೆ ಎಷ್ಟು ದೊಡ್ಡ ಶೀಟಾದರೂ ನೆಲ ಮುಟ್ಟುತ್ತಿರಲಿಲ್ಲ. ಮೊದಲ ಹತ್ತು ವರ್ಷ ಅವಳನ್ನು ಹಿಂಡುವ ಯಂತ್ರದ ಪಕ್ಕ ನಿಲ್ಲಿಸಿದ್ದರು. ಯಂತ್ರ ಅವಳ ಕಿವಿಯನ್ನೇ ಹಿಂಡಿಬಿಟ್ಟಿತು. ಮಡಿಸುವ ಕೋಣೆಗೆ ಬರುವ ಹೊತ್ತಿಗೆ ಅವಳಿಗೆ ಅರ್ಧ ಕೇಳಿಸುತ್ತಿತ್ತು. ಹೋಗುತ್ತ ಹೋಗುತ್ತ ಅದೂ ಇಲ್ಲವಾಯಿತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತಾನು ಮಾತಾಡುವಾಗ ಎಷ್ಟು ಜೋರಾಗಿ ಆಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗುಟ್ಟು ಹೇಳಿದರೆ ಮೂರು ಕೋಣೆಗೂ ಹೇಳಿದ ಹಾಗೆ.

ಶೀಟು ಮಡಿಸುವುದಕ್ಕೆ ಏಳು ಕೈಗೆಲಸ. ಹಳಬರು ಹೊಸಬರಿಗೆ ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದರು: ಒದರು, ಜಗ್ಗು, ಮಡಿಸು, ಜಗ್ಗು, ಮಡಿಸು, ಕೂಡು, ಕೊಡು. ಒದರಿದರೆ ಸುಕ್ಕು ಬಿಡುತ್ತದೆ, ಜಗ್ಗಿದರೆ ಅಂಚು ನೇರವಾಗುತ್ತದೆ. ಎರಡು ಸಲ ಉದ್ದಕ್ಕೆ ಮಡಿಸಿ, ಇಬ್ಬರೂ ಎದುರುಬದುರು ನಡೆದು ಬಂದು ಕೂಡಿ, ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳಿಗೆ ಕೊಟ್ಟರೆ ಮುಗಿಯಿತು. ಏಣಿ ಅದನ್ನು ಹಿಂದಿನ ಮೇಜಿನ ಮೇಲೆ ಹಾಕುವಷ್ಟರಲ್ಲಿ ಗುನುಗಕ್ಕನ ಕೈ ತಳ್ಳುಗಾಡಿಯಿಂದ ಮುಂದಿನ ಶೀಟಿನ ಮೂಲೆಯನ್ನು ಎಳೆದಿರುತ್ತಿತ್ತು. ಯಾರೂ ಯಾರಿಗೂ ಕಾಯುವ ಜಾಗ ಅದಲ್ಲ. ತಳ್ಳುಗಾಡಿ ಖಾಲಿಯಾಗುತ್ತಿದ್ದಂತೆ ಇನ್ನೊಂದು ಬಂದು ನಿಲ್ಲುತ್ತಿತ್ತು.

ಈ ಏಳಕ್ಕೆ ಗುನುಗಕ್ಕ ತನ್ನ ಅಜ್ಜಿಯ ಹಾಡೊಂದನ್ನು ಹೊಂದಿಸಿಕೊಂಡಿದ್ದಳು. ಹೊಂದಿಸಿಕೊಂಡಳು ಎನ್ನುವುದಕ್ಕಿಂತ ಅದೇ ಬಂದು ಕೂತಿತು ಎನ್ನಬೇಕು, ಕೈಗವಸಿನೊಳಗೆ ಕೈ ಕೂರುವ ಹಾಗೆ.

ತೂಗುವ ನೀರೇ ತಡಿ ತೋರೇ,
ತೇಲುವ ಎಲೆಗೂ ಮನೆ ತೋರೇ.

ತೂ ಎಂದಾಗ ಒದರಬೇಕು, ಗುವ ಎಂದಾಗ ಜಗ್ಗಬೇಕು. ಕೊನೆಯ ರೇ ಎನ್ನುವುದೂ ಏಣಿಯ ಕೈಗೆ ತುದಿ ಹೋಗುವುದೂ ಒಂದೇ. ಒಂದು ಸಾಲಿಗೆ ಒಂದು ಶೀಟು. ಹಾಡಿನಲ್ಲಿದ್ದದ್ದು ಹನ್ನೆರಡು ಸಾಲು. ಮುಗಿದರೆ ಮತ್ತೆ ಮೊದಲಿಂದ. ಸೂಪರ್‌ವೈಸರ್ ಬಾಗಿಲಲ್ಲಿ ತಲೆ ಹಾಕಿ, “ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ಗಾದೆ ಕೇಳಿದ್ದೆ ಕಣಮ್ಮಾ, ಇವತ್ತು ಕಣ್ಣಾರೆ ಕಂಡೆ” ಎನ್ನುತ್ತಿದ್ದ. “ಬೇರೆ ಹಾಡಿದ್ರೆ ಕೈ ತಪ್ಪುತ್ತೆ ಸಾರ್” ಎನ್ನುತ್ತಿದ್ದಳು ಅವಳು. ಸುಳ್ಳಲ್ಲ. ಬೇರೆ ಹಾಡೂ ಬರುತ್ತಿದ್ದವು, ರೇಡಿಯೋದಲ್ಲಿ ಕೇಳಿದವು, ಮಗಳ ಶಾಲೆಯವು. ಆದರೆ ಎರಡು ದಿನ ಮಡಿಸುವ ಕೋಣೆಯಲ್ಲಿ ಇದ್ದರೆ ಅವೂ ತಮ್ಮ ಕೈಕಾಲು ಮಡಚಿಕೊಂಡು ಏಳಕ್ಕೆ ಬಂದು ನಿಲ್ಲುತ್ತಿದ್ದವು.

ಅವಳಿಗೆ ಒಂದೇ ಒಂದು ಆಸೆ ಇತ್ತು. ದೊಡ್ಡದೇನಲ್ಲ, ಆದರೆ ಹೇಳಿಕೊಳ್ಳಲು ನಾಚಿಕೆ. ಒಂದು ಸಲ, ಕೈಯಲ್ಲಿ ಏನೂ ಹಿಡಿಯದೆ, ಒಬ್ಬಳೇ ನಿಂತು, ಕೇಳುವುದಕ್ಕೆಂದೇ ಕೂತವರ ಮುಂದೆ ಆ ಹನ್ನೆರಡು ಸಾಲನ್ನು ಹಾಡಿಬಿಡಬೇಕು. ಒಮ್ಮೆ ಅದಕ್ಕೆ ಹತ್ತಿರವೂ ಬಂದಿದ್ದಳು. ಆಸ್ಪತ್ರೆಯ ವಾರ್ಷಿಕ ಸಮಾರಂಭದ ಪಟ್ಟಿಯಲ್ಲಿ ಅವಳ ಹೆಸರು ಬರೆದಿದ್ದರು. ಅದೇ ದಿನ ಮಧ್ಯಾಹ್ನ ಎರಡು ವಾರ್ಡಿಗೆ ಶೀಟು ಸಾಲದೆ ಬಂತು, ಕೆಳಗೆ ಕರೆದರು. ಮೇಲಿನ ಸಭಾಂಗಣದಲ್ಲಿ ಮೈಕಿನವರು ಅವಳ ಹೆಸರು ಕೂಗಿ, “ಇಲ್ವಾ? ಸರಿ, ಮುಂದಿನವರು” ಎಂದರಂತೆ. ಅದನ್ನು ಅವಳಿಗೆ ವಾರ್ಡಿನ ಆಯಾ ಬಂದು ಹೇಳಿದಳು. ಗುನುಗಕ್ಕ, “ಹೌದಾ” ಎಂದು ಮುಂದಿನ ಶೀಟು ಎಳೆದಳು. ಆವತ್ತು ಇಡೀ ಸಂಜೆ ಹಾಡಲಿಲ್ಲ. ಮನೆಯಲ್ಲಿ ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅರವತ್ತಕ್ಕೆ ನಿವೃತ್ತಿಯಾಯಿತು. ಮನೆಯಲ್ಲಿ ಮೊದಲ ತಿಂಗಳು ಅವಳ ಕೈಗಳು ಸುಮ್ಮನಿರಲಾರದೆ ಟವೆಲು, ಪರದೆ, ಹಳೆಯ ಪತ್ರಿಕೆ ಎಲ್ಲವನ್ನೂ ಮಡಿಸಿ ಇಟ್ಟವು. ಗಂಡ ಹೇಳಿದ, “ನಾನು ಮಲಗಿದ್ದಾಗ ಹುಷಾರು ಕಣೇ, ನನ್ನೂ ಮಡಿಸಿಟ್ಟೀಯ.” ಆಮೇಲೆ ಅವನೇ ಒಂದು ದಿನ ಸುದ್ದಿ ತಂದ. ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಗಾಯನ ಕೂಟ ಸೇರುತ್ತದೆ, ಕಲಿತವರು ಕಲಿಯದವರು ಯಾರು ಬೇಕಾದರೂ ಬರಬಹುದು, ವರ್ಷಕ್ಕೊಂದು ಕಾರ್ಯಕ್ರಮ, ಅದರಲ್ಲಿ ಮೂವರಿಗೆ ಒಬ್ಬೊಬ್ಬರೇ ಹಾಡುವ ಅವಕಾಶ.

“ಹೋಗೋದಾ ರೀ?”

“ಮೂವತ್ತು ವರ್ಷ ಪುಕ್ಕಟೆ ಕೇಳಿದ್ದೀನಿ. ಇನ್ನು ಊರಿನವರೂ ಸ್ವಲ್ಪ ಕೇಳ್ಲಿ.”

ಹೋದಳು. ಮೇಷ್ಟ್ರು ನಲವತ್ತರ ಆಸುಪಾಸಿನವರು, ತೆಳ್ಳಗೆ, ಹಾರ್ಮೋನಿಯಂ ಹಿಂದೆ ಕೂತರೆ ಮೂಗು ಮತ್ತು ಕನ್ನಡಕ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ತಬಲಾದಲ್ಲಿ ತಾಳ ನುಡಿಸುವವನೊಬ್ಬ, ಉಳಿದ ದಿನ ಅಂಚೆ ಹಂಚುವ ಕೆಲಸ. ಆರು ತಿಂಗಳು ಅವಳು ಗುಂಪಿನ ಮೂರನೇ ಸಾಲಿನಲ್ಲಿ ನಿಂತು ಹಾಡಿದಳು. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಧೂಳಿನ ಕಣಗಳು ಸ್ವರಕ್ಕೆ ತೂಗುತ್ತಿದ್ದವು. ಇಪ್ಪತ್ತು ಗಂಟಲು ಒಂದಾಗಿ ಎದ್ದಾಗ ತನ್ನದು ಎಲ್ಲಿ ಮುಗಿದು ಪಕ್ಕದವಳದು ಎಲ್ಲಿ ಶುರುವಾಯಿತು ಎಂದು ತಿಳಿಯದೆ, ಬೆಚ್ಚಗಿನ ನೀರಿನಲ್ಲಿ ಕೂತ ಹಾಗಾಗುತ್ತಿತ್ತು. ಆರು ತಿಂಗಳಾದ ಮೇಲೆ ಮೇಷ್ಟ್ರು, “ಗುನುಗಕ್ಕ, ನಿಮ್ಮ ದನಿ ಚೆನ್ನಾಗಿದೆ. ಒಬ್ಬರೇ ಹಾಡ್ತೀರಾ? ಏನಾದ್ರೂ ನಿಮ್ಮದೇ ಇದ್ರೆ ಹಾಡಿ ನೋಡೋಣ” ಎಂದರು.

ಅವಳು ಎದ್ದು ನಿಂತಳು. ಹಾಡಿದಳು. ಮೊದಲ ಸಾಲಿಗೆ ಎಲ್ಲರ ತಲೆ ತೂಗಿತು. ಎರಡನೆಯದಕ್ಕೆ ತಾಳದವನ ಹುಬ್ಬು ಗಂಟಿಕ್ಕಿತು. ನಾಲ್ಕನೆಯದಕ್ಕೆ ಅವನು ಕೈಯನ್ನೇ ಎತ್ತಿಬಿಟ್ಟ.

“ಏನಾಯ್ತು?” ಎಂದರು ಮೇಷ್ಟ್ರು.

“ನಾನಿನ್ನೂ ಅಲ್ಲೇ ಇದ್ದೀನಿ ಸಾರ್, ಅವರು ಮುಂದಿನ ಬೀದಿಗೆ ಹೋಗಿಬಿಟ್ರು.”

ಮೇಷ್ಟ್ರು ಇನ್ನೊಮ್ಮೆ ಹಾಡಿಸಿದರು, ಬೆರಳು ಮಡಚುತ್ತ ಎಣಿಸಿದರು. ಕನ್ನಡಕ ತೆಗೆದು ಒರೆಸಿದರು. “ಅಮ್ಮಾ, ಏಳರ ತಾಳ ಅಂತ ಬೇರೇನೇ ಇದೆ. ಅದರಲ್ಲಿ ಕಟ್ಟಿದ ಹಾಡು ಬೇರೆ ಥರ ನಡೆಯುತ್ತೆ. ಈ ಹಾಡು ಎಂಟರದು. ಇದರ ನಡಿಗೇನೇ ಹೇಳ್ತಿದೆ. ನೀವು ಏಳು ಅಂತಿದ್ದ ಹಾಗೇ ಎದ್ದು ಹೊರಟುಬಿಡ್ತೀರಿ. ಪ್ರತಿ ಸಾಲಿಗೂ ಒಂದು ಎಣಿಕೆ ಕಾಣೆ.”

“ಪದ ಬಿಟ್ಟಿದ್ದೀನಾ ಮೇಷ್ಟ್ರೇ?”

“ಪದ ಏನೂ ಬಿಟ್ಟಿಲ್ಲ. ಅದೇ ನಂಗೂ ಗೊತ್ತಾಗ್ತಿಲ್ಲ. ಎಲ್ಲಾ ಇದೆ, ಒಂದಿಲ್ಲ.” ಅವರು ಮೆತ್ತಗೆ ಹೇಳಿದರು. “ಕಾರ್ಯಕ್ರಮಕ್ಕೆ ಇನ್ನು ನಾಲ್ಕು ವಾರ. ಮೂರನೇ ಶನಿವಾರದ ಒಳಗೆ ಎಂಟಕ್ಕೆ ತನ್ನಿ, ಜಾಗ ನಿಮ್ಮದು. ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಗುಂಪಲ್ಲಿ ಹಾಡಿ. ಗುಂಪಲ್ಲಿ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಮುಚ್ಚಿಹೋಗುತ್ತೆ.”

ಕೊನೆಯ ಮಾತು ಅವಳಿಗೆ ನಾಟಿತು. ಗುಂಪಿನಲ್ಲಿ ಮುಚ್ಚಿಹೋಗುವುದು ಅವಳಿಗೆ ಹೊಸದೇನಲ್ಲ.

ಮನೆಯಲ್ಲಿ ಪಾಠ ಶುರುವಾಯಿತು. ಗಂಡ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತು, ಚಮಚದಿಂದ ಲೋಟ ಬಡಿದು ತಾಳ ಹಾಕಿದ. ಅವನು ಎಂಟು ಮಹಡಿಯ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿದವನು. ಎಂಟರ ಲೆಕ್ಕ ಅವನ ರಕ್ತದಲ್ಲೇ ಇತ್ತು.

“ನೋಡು, ಏಳನೇ ಮಹಡೀಲೇ ಇಳಿದುಬಿಡ್ತೀಯಲ್ಲೇ!”

“ನಾನೆಲ್ಲಿ ಇಳಿದೆ? ಹಾಡು ಅಲ್ಲಿಗೇ ಮುಗೀತು.”

“ಹಾಡು ಮುಗೀತು, ತಾಳ ಮುಗಿದಿಲ್ಲ. ನಮ್ಮ ಕಟ್ಟಡದ ಎಂಟನೇ ಮಹಡಿ ಹತ್ತು ವರ್ಷ ಖಾಲಿ ಇತ್ತು. ಒಂದು ನರಪಿಳ್ಳೆ ಇರ್ಲಿಲ್ಲ. ಆದ್ರೂ ದಿನಾ ನಾನು ಹೋಗ್ಲೇಬೇಕು, ಬಾಗಿಲು ತೆಗೆದು ಮುಚ್ಚಲೇಬೇಕು. ನಿಯಮ.”

“ಯಾರಿಗೆ ಬಾಗಿಲು ತೆಗೀತಿದ್ರಿ?”

“ಯಾರಿಗೂ ಇಲ್ಲ. ಅದೇ ನಂಗೆ ಇಷ್ಟವಾದ ಮಹಡಿ.”

ಅವಳು ನಕ್ಕಳು, ಮತ್ತೆ ಹಾಡಿದಳು, ಮತ್ತೆ ಏಳಕ್ಕೇ ಇಳಿದಳು. ಬೇಕೆಂದೇ ಕೊನೆಯ ರೇ ಅನ್ನು ಎಳೆದು ನೋಡಿದಳು. ಅದು ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿಕೊಂಡ ಹಾಗಾಯಿತು. ನಡುವೆ ಎಲ್ಲಾದರೂ ಒಂದು ಅಕ್ಷರ ಹಿಗ್ಗಿಸಿ ನೋಡಿದಳು, ಹಾಡು ಕುಂಟಿತು. ಮಗಳಿಗೆ ಫೋನು ಮಾಡಿ, “ಅಜ್ಜಿ ಹಾಡು ನೀನು ಮಗೂಗೆ ಹಾಡ್ತೀಯಲ್ಲ, ಹಾಡು ನೋಡೋಣ” ಎಂದಳು. ಮಗಳು ಹಾಡಿದಳು. ಅಚ್ಚುಕಟ್ಟಾಗಿ ಏಳು.

“ಸರಿಯಾಗೇ ಇದೆಯಲ್ಲಮ್ಮಾ, ನೀನು ಹೇಳಿಕೊಟ್ಟ ಹಾಗೇ.”

“ಅದೇ ತಪ್ಪಾಗಿದೆ ಕಣೇ,” ಎಂದು ಗುನುಗಕ್ಕ ಫೋನಿಟ್ಟಳು. ತಾನು ಕಳೆದದ್ದನ್ನು ಮಗಳಿಗೂ ಕಳೆದೇ ಕೊಟ್ಟಿದ್ದಳು.

ಎರಡು ಶನಿವಾರ ಹೋದವು. ಗಂಡ ಚಮಚ ಕೆಳಗಿಟ್ಟ. “ಒಬ್ಬಳೇ ನಿಂತು ಹಾಡೋಕೆ ಎಂಟೆದೆ ಬೇಕು ಅಂತಾರೆ. ನಿನ್ನ ಹತ್ರ ಏಳೇ ಇದೆ. ಬಿಟ್ಟುಬಿಡೇ, ಗುಂಪಲ್ಲೇ ಹಾಡು. ನಂಗೆ ನಿನ್ನ ದನಿ ಇಪ್ಪತ್ತರಲ್ಲೂ ಗೊತ್ತಾಗುತ್ತೆ.”

“ನಿಮಗೆ ಗೊತ್ತಾದ್ರೆ ಸಾಕಾ?”

ಅವನು ಲೋಟ ಎತ್ತಿ ಒಳಗಿಟ್ಟ. ಅವಳ ದನಿಯಲ್ಲಿ ಜಗಳ ಇರಲಿಲ್ಲ. ಜಗಳವಿದ್ದರೆ ಅವನಿಗೆ ಉತ್ತರ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಏಣಿಯ ಮನೆಗೆ ಹೊರಟಳು. ಏಣಿ ಬೀಗದ ಅಂಗಡಿಯೊಂದರ ಮೇಲಿನ ಎರಡು ಕೋಣೆಯಲ್ಲಿ ಇದ್ದಳು. ಮೆಟ್ಟಿಲು ಹತ್ತುವಾಗ ಕೆಳಗೆ ಯಾರೋ ಅರದಿಂದ ಕೀಲಿ ಉಜ್ಜುವ ಸದ್ದು ಗೋಡೆಯೊಳಗಿಂದಲೇ ಬರುತ್ತಿದ್ದ ಹಾಗಿತ್ತು. ಬಾಗಿಲು ಬಡಿದರೆ ಏಣಿಗೆ ಕೇಳಿಸುವುದಿಲ್ಲ. ಬಾಗಿಲ ಹತ್ತಿರ ಒಂದು ದಾರ ಇಳಿಬಿಟ್ಟಿತ್ತು, ಎಳೆದರೆ ಒಳಗೆ ಕನ್ನಡಿಯ ಮೇಲೆ ಕಟ್ಟಿದ ಕೆಂಪು ರಿಬ್ಬನ್ನು ಅಲ್ಲಾಡುತ್ತಿತ್ತು.

“ಬಂದೆಯಾ!” ಎಂದಳು ಏಣಿ. ಕೆಳಗೆ ಕೀಲಿ ಉಜ್ಜುವುದು ನಿಂತಿತು. “ಸೊರಗಿದ್ದೀಯಲ್ಲೇ. ಅವನು ಊಟ ಹಾಕ್ತಿಲ್ವಾ?”

ಗುನುಗಕ್ಕ ಎದುರು ಕೂತು, ತುಟಿ ಅಗಲಿಸಿ, ನಿಧಾನವಾಗಿ ಎಲ್ಲ ಹೇಳಿದಳು. ಮೇಷ್ಟ್ರು, ಎಂಟು, ಕಾಣೆಯಾದ ಒಂದು. ಏಣಿ ಅವಳ ಬಾಯಿಯಿಂದ ಕಣ್ಣು ತೆಗೆಯದೆ ನೋಡಿದಳು.

“ಮಡಿಸೋವಾಗ ಹಾಡ್ತಿದ್ದೆಯಲ್ಲ, ಅದೇ ಹಾಡಾ?”

“ನಿಂಗೆ ಕೇಳಿಸ್ತಿತ್ತಾ?”

“ಕಿವೀಲಿ ಎಲ್ಲಿಂದ ಬರ್ಬೇಕು? ಜಗ್ಗಿದಾಗ ಬಟ್ಟೆ ಬಿಗಿಯಾಗ್ತಿತ್ತಲ್ಲ, ಆಗ ಬೆರಳಿಗೆ ಬರ್ತಿತ್ತು. ಜೇನುಹುಳು ಬಟ್ಟೆ ಮೇಲೆ ಕೂತ ಹಾಗೆ. ನೀನು ಹಾಡದ ದಿನ ಶೀಟು ಭಾರ.” ಅವಳು ಏನೋ ಸಾಮಾನ್ಯ ಸಂಗತಿ ಹೇಳಿದವಳ ಹಾಗೆ ಎದ್ದು ಹೋಗಿ ಬಾಲ್ಕನಿಯ ಹಗ್ಗದಿಂದ ಒಂದು ಶೀಟು ಎಳೆದು ತಂದಳು. “ಹಿಡಿ. ಇಲ್ಲೇ ಎಲ್ಲೋ ಬಿದ್ದಿರುತ್ತೆ ನಿನ್ನ ಎಂಟು. ಹುಡುಕೋಣ.”

ಗುನುಗಕ್ಕ ತುದಿ ಹಿಡಿದಳು. ಒದರಿದರು. ಬಿಸಿಲು ಬಟ್ಟೆಯ ಮೇಲೆ ಅಲೆಯಾಗಿ ಓಡಿತು. ಹಾಡು ತಾನಾಗಿ ಬಂತು. ಜಗ್ಗಿದರು, ಮಡಿಸಿದರು. ಏಣಿಯ ಒಂದು ಭುಜ ಈಗ ಪೂರ್ತಿ ಮೇಲೇಳುತ್ತಿರಲಿಲ್ಲ. ಅವಳಿಗಾಗಿ ಗುನುಗಕ್ಕನ ಹಾಡೂ ಸ್ವಲ್ಪ ಬಾಗಿ ನಡೆಯಿತು. ಜಗ್ಗಿದರು, ಮಡಿಸಿದರು, ಎದುರುಬದುರು ನಡೆದು ಬಂದು ಕೂಡಿದರು. ರೇ ಎನ್ನುತ್ತ ಗುನುಗಕ್ಕ ತನ್ನ ತುದಿ ಕೊಟ್ಟಳು, ಆಮೇಲೆ ಬಲಗೈಯನ್ನು ಪಕ್ಕಕ್ಕೆ ಚಾಚಿದಳು.

ಅಲ್ಲಿ ತಳ್ಳುಗಾಡಿ ಇರಲಿಲ್ಲ. ಕೈ ಗಾಳಿಯಲ್ಲಿ ನಿಂತಿತು.

“ಮುಂದಿನದೆಲ್ಲಿ?” ಎಂದಳು, ತನಗೇ ಗೊತ್ತಿಲ್ಲದೆ.

“ಮುಂದಿನದು ಇಲ್ಲ ಕಣೇ. ಇರೋದೇ ಒಂದು ಶೀಟು.”

ಇಬ್ಬರೂ ಹಾಗೇ ನಿಂತರು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಏಣಿಯ ಕೈಯಲ್ಲಿ ಮಡಿಸಿದ ಬಟ್ಟೆ, ಗುನುಗಕ್ಕನ ಕೈಯಲ್ಲಿ ಏನೂ ಇಲ್ಲ. ಪರದೆ ಒಮ್ಮೆ ಉಬ್ಬಿ ಇಳಿಯಿತು.

ಆಗ ಅವಳಿಗೆ ಬಚ್ಚಲುಮನೆ ನೆನಪಾಯಿತು. ಇಷ್ಟು ವರ್ಷ ಎಲ್ಲಿತ್ತೋ ಏನೋ. ಅವಳಿಗೆ ನಾಲ್ಕು ವರ್ಷವಿದ್ದಾಗ ಅಜ್ಜಿ ಕಲ್ಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತಿದ್ದಳು. ಬೆನ್ನು ತಿಕ್ಕುತ್ತ ಹಾಡುತ್ತಿದ್ದಳು. ಸಾಲು ಮುಗಿದ ತಕ್ಷಣ ಒಂದು ಚೊಂಬು ನೀರು ತಲೆಯ ಮೇಲೆ. ತೂಗುವ ನೀರೇ ತಡಿ ತೋರೇ, ಸುಯ್ಯ್. ನೀರು ಕಿವಿಯ ಮೇಲೆ ಇಳಿಯುವಾಗ ಅಜ್ಜಿಯೂ ಇರಲಿಲ್ಲ, ಹಾಡೂ ಇರಲಿಲ್ಲ, ಉಸಿರೂ ಇರಲಿಲ್ಲ. ಕಣ್ಣು ಮುಚ್ಚಿದ ಒಳಗೆ ಒಂದು ಬೆಚ್ಚನೆಯ ಕೆಂಪು ಮಾತ್ರ. ಆಮೇಲೆ ಬಾಯಿ ತೆರೆದು ಗಾಳಿ ಎಳೆದುಕೊಂಡಾಗ ಅಜ್ಜಿ ಮುಂದಿನ ಸಾಲಿಗೆ ಬಂದಿರುತ್ತಿದ್ದಳು. ಎಂಟನೆಯದು ಹಾಡುವ ಎಣಿಕೆಯೇ ಅಲ್ಲ. ಅದು ಸುಮ್ಮನಿರುವ ಎಣಿಕೆ. ಪದ ಬಿಟ್ಟಿಲ್ಲ ಎಂದು ಮೇಷ್ಟ್ರು ಹೇಳಿದ್ದು ಸರಿ, ಬಿಟ್ಟದ್ದು ಬಿಡುವನ್ನೇ. ಮೂವತ್ತೊಂದು ವರ್ಷ, ತಳ್ಳುಗಾಡಿಯ ಅವಸರಕ್ಕೆ, ದಿನಕ್ಕೆ ನೂರಾರು ಸಲ ಅವಳು ಅದನ್ನು ಮಡಿಸಿ ಒಳಗೆ ಸೇರಿಸಿಬಿಟ್ಟಿದ್ದಳು.

“ಸಿಕ್ತಾ?” ಎಂದಳು ಏಣಿ.

“ಸಿಕ್ತು. ಆದ್ರೆ ಅದರಲ್ಲಿ ಏನೂ ಇಲ್ಲ ಕಣೇ.”

“ಏನೂ ಇಲ್ಲದೇ ಇರೋದನ್ನ ಹುಡುಕೋಕೆ ಬಂದೆಯಾ ಇಷ್ಟು ದೂರ?” ಏಣಿ ನಕ್ಕ ನಗೆಗೆ ಕೆಳಗಿನ ಅಂಗಡಿಯವನು ಕೋಲಿನಿಂದ ಚಾವಣಿ ಕುಟ್ಟಿದ. ಅದು ಅವಳಿಗೆ ಕೇಳಿಸಲಿಲ್ಲ. ಮಡಿಸಿದ ಶೀಟನ್ನು ಬಿಡಿಸಿ ಒದರಿದಳು. “ಹಿಡಿ ಮತ್ತೆ.”

ಸಂಜೆಯವರೆಗೂ ಅವರು ಅದೊಂದೇ ಶೀಟನ್ನು ಮಡಿಸಿದರು, ಬಿಡಿಸಿದರು. ಸಿಕ್ಕಿದ್ದು ಸುಲಭವಾಗಿ ಕೈಗೆ ಬರಲಿಲ್ಲ. ಕೊಟ್ಟ ತಕ್ಷಣ ಗುನುಗಕ್ಕನ ಬಲಗೈ ಕಳ್ಳನ ಹಾಗೆ ಪಕ್ಕಕ್ಕೆ ಹರಿಯುತ್ತಿತ್ತು, ನಾಲಿಗೆ ಮುಂದಿನ ಸಾಲಿಗೆ ನೆಗೆಯುತ್ತಿತ್ತು. ಏಣಿ ಒಂದು ಉಪಾಯ ಮಾಡಿದಳು. ತುದಿ ತೆಗೆದುಕೊಂಡ ಕೂಡಲೇ ಗುನುಗಕ್ಕನ ಎರಡೂ ಕೈಯನ್ನು ಬಟ್ಟೆಯ ಸಮೇತ ಹಿಡಿದುಕೊಂಡುಬಿಡುತ್ತಿದ್ದಳು, ಒಂದು ಎಣಿಕೆ ಹಿಡಿದು ಬಿಡುತ್ತಿದ್ದಳು. “ಆಸ್ಪತ್ರೇಲಿ ನಾಡಿ ನೋಡ್ತಾರಲ್ಲ, ಹಾಗೆ ಅಂದ್ಕೋ.” ಅವಳ ಅಂಗೈ ಒಣ ಬಟ್ಟೆಯ ಹಾಗೆ ಒರಟಾಗಿ, ಬೆಚ್ಚಗಿತ್ತು. ಇಷ್ಟು ವರ್ಷ ಒಂದೇ ಬಟ್ಟೆಯ ಎರಡು ತುದಿ ಹಿಡಿದವರು ಕೈಗೆ ಕೈ ಹಿಡಿದದ್ದು ಅವತ್ತೇ.

ಮೂರನೇ ಶನಿವಾರ ಬಂತು. ಗುನುಗಕ್ಕ ಎದ್ದು ನಿಂತಾಗ ತಾಳದವನು, “ಅಕ್ಕಾ, ಇವತ್ತು ನನ್ನನ್ನೂ ಜೊತೇಲಿ ಕರ್ಕೊಂಡು ಹೋಗಿ” ಎಂದ. ಎಲ್ಲರೂ ನಕ್ಕರು. ಅವಳು ಹಾಡಿದಳು. ಎರಡನೇ ಸಾಲಿನಲ್ಲಿ ಒಮ್ಮೆ ಜಾರಿದಳು, ನಿಂತಳು, ಮೊದಲಿಂದ ಹಿಡಿದಳು. ಹನ್ನೆರಡು ಸಾಲು ಮುಗಿಯುವ ಹೊತ್ತಿಗೆ ತಾಳದವನ ಬೆರಳು ಚರ್ಮದ ಮೇಲೆ ನೀರಿನ ಹನಿಯಂತೆ ಬೀಳುತ್ತಿತ್ತು.

ಮೇಷ್ಟ್ರು ಹಾರ್ಮೋನಿಯಂ ಮೇಲೆ ಗಲ್ಲ ಊರಿ ನೋಡಿದರು. “ಎಲ್ಲಿತ್ತಮ್ಮಾ ಇದು?”

“ಒಗೆಯೋಕೆ ಹಾಕಿದ ಬಟ್ಟೆಯಲ್ಲಿ ಸೇರಿಕೊಂಡಿತ್ತು ಮೇಷ್ಟ್ರೇ.”

“ಕಾರ್ಯಕ್ರಮದಲ್ಲಿ ಅವಸರ ಮಾಡಿದ್ರೆ ಮತ್ತೆ ಹೋಗುತ್ತೆ ನೋಡಿ. ನಾಲ್ಕು ನಿಮಿಷ ನಿಮ್ಮದು.”

ಕಾರ್ಯಕ್ರಮ ಮಧ್ಯಾಹ್ನ ನಾಲ್ಕಕ್ಕೆ, ಗ್ರಂಥಾಲಯದ ಕೆಳಗಿನ ಸಭಾಂಗಣದಲ್ಲಿ. ಕಬ್ಬಿಣದ ಕುರ್ಚಿಗಳು, ನೂರಿಪ್ಪತ್ತು ಜನ. ಅರ್ಧಕ್ಕರ್ಧ ಹಾಡುವವರ ನೆಂಟರು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದ. ಏಣಿ ಎಲ್ಲಿಯೂ ಕಾಣಲಿಲ್ಲ. ಕೇಳಿಸದವಳು ಹಾಡು ಕೇಳಲು ಯಾಕೆ ಬರುತ್ತಾಳೆ ಎಂದುಕೊಂಡಳು ಗುನುಗಕ್ಕ. ತಾನು ಅವಳನ್ನು ಕರೆದದ್ದೂ ಅಷ್ಟು ಸರಿ ಅನ್ನಿಸಿರಲಿಲ್ಲ.

ಅವಳ ಸರದಿ ಬಂತು. ಮೈಕಿನವರು ಕರೆದದ್ದು ಹಾಜರಿ ಪುಸ್ತಕದ ಹೆಸರಿನಿಂದ. ಈ ಸಲ ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ. ನಡೆದು ಹೋಗಿ ನಿಂತಳು. ಕೈಗಳನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಮುಂದೆ ಕಟ್ಟಿದರೆ ಬೈಸಿಕೊಳ್ಳುವವಳ ಹಾಗೆ, ಹಿಂದೆ ಕಟ್ಟಿದರೆ ಬೈಯುವವಳ ಹಾಗೆ. ಕೊನೆಗೆ ಹಾಗೇ ಇಳಿಬಿಟ್ಟಳು.

ಮೊದಲ ಸಾಲು ಹಾಡಿದಳು. ಏಳು ಮುಗಿಯಿತು. ಬಾಯಿ ಮುಚ್ಚಿದಳು.

ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗಾಯಿತು. ಇಷ್ಟು ಜನರ ಮುಂದೆ, ಇಷ್ಟು ಬೆಳಕಿನಲ್ಲಿ, ತಾನು ಏನನ್ನೂ ಮಾಡದೆ ನಿಂತಿದ್ದೇನೆ. ಯಾರಾದರೂ ಎದ್ದು, ಏನಮ್ಮಾ ಸುಮ್ಮನೆ ನಿಂತೆ ಎಂದು ಕೇಳಿಬಿಡುತ್ತಾರೆ. ಯಾರೂ ಕೇಳಲಿಲ್ಲ. ಎರಡನೆಯ ಸಾಲು ತಾನಾಗಿ ಬಂದು ಅವಳ ನಾಲಿಗೆಯ ಮೇಲೆ ಕಾಲೂರಿತು.

ನಾಲ್ಕನೆಯ ಸಾಲಿನ ಹೊತ್ತಿಗೆ ಭಯ ಹೋಗಿ ಕುತೂಹಲ ಬಂತು. ಪ್ರತಿ ಬಿಡುವಿನಲ್ಲೂ ಏನೋ ಒಂದು ಇತ್ತು. ಒಂದರಲ್ಲಿ ಫ್ಯಾನಿನ ರೆಕ್ಕೆ ಕಿರ್ ಎಂದಿತು. ಇನ್ನೊಂದರಲ್ಲಿ ಹೊರಗೆ ಬಸ್ಸು ನಿಂತು ಉಸಿರು ಬಿಟ್ಟಿತು. ಮತ್ತೊಂದರಲ್ಲಿ ಒಂದು ಮಗು, “ಆಮೇಲೆ?” ಎಂದು ಕೇಳಿತು, ಕಥೆ ನಿಂತಾಗ ಕೇಳುವ ಹಾಗೆ. ಹಾಡು ಈಗ ಅವಳ ಗಂಟಲಿನಿಂದ ಬರುತ್ತಿಲ್ಲ, ಈ ಸಣ್ಣ ಸಣ್ಣ ಖಾಲಿ ಜಾಗಗಳಿಂದ ಒಂದೊಂದೇ ಸಾಲಾಗಿ ಏಳುತ್ತಿದೆ, ತಾನು ಬಾಯಿ ತೆರೆದು ದಾರಿ ಬಿಡುತ್ತಿದ್ದೇನೆ ಅಷ್ಟೆ ಅನ್ನಿಸಿತು. ಹನ್ನೊಂದನೆಯ ಸಾಲು ಮುಗಿದಾಗ ಅವಳು ಒಂದಲ್ಲ, ಪೂರಾ ಎಂಟು ಎಣಿಕೆ ಸುಮ್ಮನಿದ್ದುಬಿಟ್ಟಳು. ಮರೆತದ್ದಲ್ಲ. ಚೆನ್ನಾಗಿತ್ತು, ಇದ್ದಳು. ತಾಳದವನು ಒಮ್ಮೆ ಅವಳ ಮುಖ ನೋಡಿ, ಒಂದು ಸುತ್ತು ಒಬ್ಬನೇ ನುಡಿಸಿದ. ಆಮೇಲೆ ಕೊನೆಯ ಸಾಲು.

ಚಪ್ಪಾಳೆ ಬಂತು. ಜೋರಾಗಿಯೇ ಬಂತು, ಆದರೆ ನೆಂಟರಿದ್ದವರಿಗೆ ಬಂದಷ್ಟು ಜೋರಲ್ಲ. ಮೇಷ್ಟ್ರು ಪರದೆಯ ಪಕ್ಕದಲ್ಲಿ ಗಡಿಯಾರ ತೋರಿಸಿ, “ಐದೂವರೆ ನಿಮಿಷ ಗುನುಗಕ್ಕ! ನಾನು ಅವಸರ ಬೇಡ ಅಂದೆ, ಠಿಕಾಣಿ ಹೂಡಿ ಅನ್ನಲಿಲ್ಲ” ಎಂದರು. ಬೈದದ್ದೋ ಹೊಗಳಿದ್ದೋ ಅವಳಿಗೆ ತಿಳಿಯಲಿಲ್ಲ, ಅವರ ಕನ್ನಡಕ ಹೊಳೆಯುತ್ತಿತ್ತು.

ಮುಗಿದ ಮೇಲೆ ಹೊರಗಿನ ಪಡಸಾಲೆಯಲ್ಲಿ ಜನ ಗುಂಪು ಗುಂಪಾಗಿ ನಿಂತಿದ್ದರು. ಗಂಡ ಯಾರಿಗೋ, “ನಮ್ಮ ಮನೆಯವಳೇ” ಎಂದು ಹೇಳುತ್ತಿದ್ದ. ಗುನುಗಕ್ಕ ಬೆಂಚಿನ ಮೇಲೆ ಕೂತಳು. ಆಗ ಎಲ್ಲರ ತಲೆಯ ಮೇಲಿಂದ ಒಂದು ತಲೆ ಬಂತು. ಏಣಿ.

“ಬಂದಿದ್ದೆಯಾ? ಎಲ್ಲಿ ಕೂತಿದ್ದೆ?”

“ಕೂತಿರ್ಲಿಲ್ಲ. ಪಕ್ಕದ ಬಾಗಿಲಲ್ಲಿ ನಿಂತಿದ್ದೆ, ಜನರ ಕಡೆ ಮುಖ ಮಾಡ್ಕೊಂಡು. ನಿನ್ನನ್ನ ನೋಡಿ ನಂಗ್ಯಾಕಾಗ್ಬೇಕು? ನಿನ್ನನ್ನ ಬೇಕಾದಷ್ಟು ನೋಡಿದ್ದೀನಿ.” ಅವಳು ಪಕ್ಕದಲ್ಲಿ ಕೂತಳು. “ಹಾಡು ಹೇಗಿತ್ತು ಅಂತ ನನ್ನ ಕೇಳಬೇಡ. ಆದ್ರೆ ಒಂದು ನೋಡಿದೆ. ನೀನು ಬಾಯಿ ತೆಗೆದಾಗ ಅವರು ನಿನ್ನ ನೋಡ್ತಿದ್ರು, ಸರಿ, ಎಲ್ಲರೂ ನೋಡ್ತಾರೆ. ನೀನು ಸುಮ್ಮನಾಗ್ತಿದ್ದೆಯಲ್ಲ, ಆಗ ಯಾರೂ ಅಲ್ಲಾಡ್ತಿರ್ಲಿಲ್ಲ. ಒಬ್ಬಳು ಬೀಸಣಿಗೆ ಹಿಡ್ಕೊಂಡಿದ್ದಳು, ಅದೂ ನಿಲ್ತಿತ್ತು. ಕೊನೇಲಿ ಅಷ್ಟು ಹೊತ್ತು ನಿಂತೆಯಲ್ಲ, ಎಲ್ಲರೂ ಹೀಗೆ ಕುತ್ತಿಗೆ ಮುಂದಕ್ಕೆ ಚಾಚಿ ಕಾಯ್ತಿದ್ರು ಕಣೇ.”

“ಎಲ್ಲರೂನಾ?”

“ನಿನ್ನ ಗಂಡನ್ನ ಬಿಟ್ಟು. ಅವನು ಕಣ್ಣು ಮುಚ್ಚಿದ್ದ.”

“ಕಣ್ಣು ಮುಚ್ಚಿ ಕೇಳ್ತಿದ್ದೆ!” ಎಂದು ಗಂಡ ಆ ಕಡೆಯಿಂದ ಕೂಗಿದ. ಏಣಿ ಅವನ ತುಟಿ ನೋಡಿರಲಿಲ್ಲ.

ಗುನುಗಕ್ಕ ಏಣಿಯ ಮೊಣಕೈ ತಟ್ಟಿ, ಅವಳು ತಿರುಗಿದ ಮೇಲೆ, ತುಟಿ ಅಗಲಿಸಿ ಕೇಳಿದಳು.

“ಇನ್ನೊಂದು ಸಲ ಹೇಳು.”

“ಏನು ಹೇಳ್ಲಿ?”

“ಈಗ ಹೇಳಿದೆಯಲ್ಲ, ಅದೇ.”

“ಕಾಯ್ತಿದ್ರು!” ಎಂದಳು ಏಣಿ. ಪಡಸಾಲೆಯ ಮಾತೆಲ್ಲ ಒಮ್ಮೆಲೇ ನಿಂತು, ಎಲ್ಲರೂ ಇತ್ತ ತಿರುಗಿದರು. ಅದೇನೂ ಅವಳಿಗೆ ತಿಳಿಯದೆ, ಬೇಕಿದ್ದರೆ ಇನ್ನೂ ಹತ್ತು ಸಲ ಹೇಳಲು ತಯಾರಿರುವವಳ ಹಾಗೆ ಬಾಗಿ, ತನ್ನ ಮಟ್ಟಿಗೆ ಗುಟ್ಟಾಗಿ ಹೇಳಿದಳು, “ಅಷ್ಟೂ ಜನ, ನಿನಗೋಸ್ಕರ ಕಾಯ್ತಿದ್ರು ಕಣೇ!”